ಎಲೀಯನ ರೊಟ್ಟಿ, ನಮ್ಮ ಮಕ್ಕಳ ಡಬ್ಬಿ



ದಣಿದು ಗಿಡದಡಿ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಕೊಟ್ಟದ್ದು ರೊಟ್ಟಿ, ನೀರು. ಉಂಡು ಆತ ಮತ್ತೆ ಮಲಗಿದ, ದೂತನು ಗದರಿಸಲಿಲ್ಲ. ಪರೀಕ್ಷೆಯ ರಾತ್ರಿಗಳಲ್ಲಿ ನಮ್ಮ ಮಕ್ಕಳ ಮೇಜಿನ ಮೇಲೆ ಈಗ ಕಾಣುವುದು ಎನರ್ಜಿ ಡ್ರಿಂಕ್.

ಎಚ್ಚರವಿದ್ದಷ್ಟೂ ನಮ್ಮ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಶೇಖರವಾಗುತ್ತದೆ. ಮಲಗು ಎಂದು ನಮಗೆ ಹೇಳುವುದು ಅದೇ. ಅದು ಕೂರಬೇಕಾದ ಜಾಗದಲ್ಲಿ ಪಾನೀಯದ ಕೆಫೀನ್ ಕುಳಿತುಬಿಡುತ್ತದೆ. ದಣಿವು ಹಾಗೆಯೇ ಇರುತ್ತದೆ, ಅದರ ಸುದ್ದಿ ಮಾತ್ರ ತಲುಪುವುದಿಲ್ಲ. ಎದೆಬಡಿತ, ರಕ್ತದೊತ್ತಡ ಏರುತ್ತವೆ. 250 ಮಿಲಿಯ ಹೆಸರಾಂತ ಡಬ್ಬಿಯೊಂದರಲ್ಲಿ ಸುಮಾರು 80 ಮಿಲಿಗ್ರಾಂ ಕೆಫೀನ್, 27 ಗ್ರಾಂ ಸಕ್ಕರೆ, ಅಂದರೆ ಆರೇಳು ಚಮಚ! (ಅಷ್ಟು ಸಕ್ಕರೆ ಹಾಕಿದ ಕಾಫಿಯನ್ನು ಯಾವ ತಾಯಿಯೂ ಕೊಡಳು.) ಸುಮಾರು 5 ಗಂಟೆ ಕಳೆದರೂ ಅರ್ಧದಷ್ಟು ಕೆಫೀನ್ ಮೈಯಲ್ಲೇ ಇರುತ್ತದೆ. ರಾತ್ರಿ 10ಕ್ಕೆ ಕುಡಿದವನಿಗೆ 3ಕ್ಕೆ ಮಲಗಿದರೂ ಗಾಢ ನಿದ್ದೆ ಕಷ್ಟ. ಓದಿದ್ದು ನೆನಪಿನಲ್ಲಿ ನೆಲೆಯೂರಲು ಆ ನಿದ್ದೆಯೇ ಬೇಕು.

ಮಕ್ಕಳಿಗೆ, ಗರ್ಭಿಣಿಯರಿಗೆ ತಕ್ಕದ್ದಲ್ಲವೆಂದು ಡಬ್ಬಿಯ ಮೇಲೆಯೇ ಅಚ್ಚಾಗಿರುತ್ತದೆ. ತಂದೆತಾಯಂದಿರೇ, ಮಕ್ಕಳ ಜೊತೆ ಕೂತು ಅದನ್ನು ಓದಿರಿ. ಹಬ್ಬದ ದಿನ ಇದನ್ನು ಮದ್ಯಕ್ಕೆ ಬೆರೆಸುವ ಯುವಕರಿಗೂ ಒಂದು ಮಾತು: ಅಮಲು ಇಳಿದಂತೆ ತೋರುತ್ತದೆ, ಇಳಿದಿರುವುದಿಲ್ಲ, ಅಷ್ಟರಲ್ಲಿ ಬೈಕ್ ಹತ್ತಿರುತ್ತೀರಿ.