ಹಳೆಯ ವಾಹನದ ಕಾರ್ಬ್ಯುರೇಟರ್: ಜೆಟ್ ಬದಲಾವಣೆ ಯಾವಾಗ, ಹೇಗೆ?

ಆರೋಗ್ಯ ಲೇಖನಗಳ ನಡುವೆ ಎಂಜಿನ್ನಿನ ಮಾತೇಕೆಂದು ವಾಚಕರು ಕೇಳಬಹುದು. ಕಾರ್ಬ್ಯುರೇಟರಿನ ದೋಷವು ಯಂತ್ರಕ್ಕೆ ಮಾತ್ರವಲ್ಲ, ಸವಾರನ ಪ್ರಾಣಕ್ಕೂ ಸಂಬಂಧಿಸಿದ್ದು ಎಂಬುದೇ ಇದಕ್ಕೆ ಉತ್ತರ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಆದರೂ ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳನ್ನು ತವರಿನ ನೆನಪೆಂದು ಜೋಪಾನ ಮಾಡಿಕೊಂಡಿರುವವರು ಇಂದಿಗೂ ಇದ್ದಾರೆ. 2020ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್ 6 ನಿಯಮ ಜಾರಿಯಾದ ಮೇಲೆ ಹೊಸ ವಾಹನಗಳಲ್ಲಿ ಕಾರ್ಬ್ಯುರೇಟರ್ ಬಹುಮಟ್ಟಿಗೆ ಕಣ್ಮರೆಯಾಗಿದೆ. ಆದುದರಿಂದ ಹಳೆಯ ವಾಹನದ ಒಡೆಯನು ಈ ವಿಷಯವನ್ನು ತಾನೇ ಅರಿತಿರುವುದು ಕ್ಷೇಮ.

ಕಾರ್ಬ್ಯುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರದ ಹಿತ್ತಾಳೆಯ ತಿರುಪೇ ಜೆಟ್. ಶುದ್ಧ ಪೆಟ್ರೋಲಿನ ಒಂದು ಭಾಗ ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಎಥನಾಲಿಗೆ ಸುಮಾರು 9 ಭಾಗ ಸಾಕು. ಶೇಕಡಾ 20 ಎಥನಾಲ್ ಬೆರೆತ ಇಂದಿನ ಪೆಟ್ರೋಲಿಗೆ ಈ ಪ್ರಮಾಣ ಸುಮಾರು 13.5. ಎಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕಾಗುತ್ತದೆ. ಹಳೆಯ ಜೆಟ್ ಅದನ್ನು ಒದಗಿಸಲಾರದೆ ಮಿಶ್ರಣವು ತೆಳುವಾಗುತ್ತದೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನೊಡನೆಯೇ ಎಣ್ಣೆ ಬರುವುದರಿಂದ, ಇಂಧನ ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಆಗ ಪಿಸ್ಟನ್ ಕಾದು ಸಿಲಿಂಡರಿನಲ್ಲಿ ಕಚ್ಚಿಕೊಳ್ಳಬಹುದು. ವೇಗದಲ್ಲಿ ಓಡುತ್ತಿರುವಾಗ ಹಿಂದಿನ ಚಕ್ರ ತಟ್ಟನೆ ನಿಂತರೆ ಅಪಾಯವನ್ನು ವಿವರಿಸಬೇಕಾಗಿಲ್ಲ.

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ನಾಗಪುರ ಸುಮಾರು 310. ಈ ಅಂತರದಿಂದಾಗುವ ವ್ಯತ್ಯಾಸ ಅಲ್ಪ. ಅದಕ್ಕಾಗಿಯೇ ಜೆಟ್ ಬದಲಿಸಬೇಕಾಗಿಲ್ಲ. ಆದರೆ ಇಲ್ಲಿನ ಋತುಭೇದ ಅಲ್ಪವಲ್ಲ. ಸಿವಿಲ್ ಲೈನ್ಸಿನ ಚಳಿಗಾಲದ 10 ಡಿಗ್ರಿಯ ಮುಂಜಾನೆಗೂ ಮೇ ತಿಂಗಳ 45 ಡಿಗ್ರಿಯ ಮಧ್ಯಾಹ್ನಕ್ಕೂ ಗಾಳಿಯ ಸಾಂದ್ರತೆಯಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಅಂತರವಿದೆ. ಅದು ಸಾವಿರ ಮೀಟರಿನ ಬೆಟ್ಟವನ್ನು ಏರಿಳಿದಂತೆಯೇ ಸರಿ. ಬೇಸಿಗೆಯಲ್ಲಿ ಹೊಂದಿಸಿದ ಎಂಜಿನ್ ಚಳಿಗಾಲದಲ್ಲಿ ತೆಳು ಮಿಶ್ರಣದಿಂದ ಬಳಲುವುದು ಇದರಿಂದಲೇ. ಆದುದರಿಂದ ಪರೀಕ್ಷೆಯನ್ನು ಚಳಿಗಾಲದಲ್ಲಿ ಮಾಡುವುದು ಲೇಸು.

ಇಂಧನ, ಏರ್ ಫಿಲ್ಟರ್ ಅಥವಾ ಸೈಲೆನ್ಸರಿನ ಬಗೆ ಬದಲಾದಾಗ ಮಾತ್ರ ಜೆಟ್ಟಿನ ಯೋಚನೆ ಮಾಡಬೇಕು. ಅದಕ್ಕೂ ಮೊದಲು ಫಿಲ್ಟರ್ ಶುಚಿಯಾಗಿದೆಯೇ, ಕಾರ್ಬ್ಯುರೇಟರಿನ ಜೋಡಣೆಯಲ್ಲಿ ಗಾಳಿ ಸೋರುತ್ತಿದೆಯೇ, ಫ್ಲೋಟಿನ ಮಟ್ಟ ಸರಿಯಿದೆಯೇ ಎಂದು ನೋಡಬೇಕು. ಜೆಟ್ ಕಟ್ಟಿದ್ದರೆ ಗಾಳಿ ಊದಿ ತೆಗೆಯಬೇಕೇ ಹೊರತು ತಂತಿ ತೂರಿಸಬಾರದು. ರಂಧ್ರ ದೊಡ್ಡದಾಗಿ ಅಳತೆ ಕೆಡುತ್ತದೆ.

ಮೋಟಾರುಸೈಕಲ್ಲಿನ ಥ್ರಾಟಲ್ ಮೊದಲ ಕಾಲುಭಾಗ ತೆರೆದಾಗ ಪೈಲಟ್ ಜೆಟ್, ನಡುವಿನಲ್ಲಿ ಸೂಜಿ, ಕೊನೆಯ ಕಾಲುಭಾಗದಲ್ಲಿ ಮೇನ್ ಜೆಟ್ ಮುಖ್ಯವಾಗುತ್ತವೆ. ತೊಂದರೆ ಯಾವ ಹಂತದಲ್ಲಿದೆಯೋ ಅದನ್ನಷ್ಟೇ ಮುಟ್ಟಬೇಕು. ಅದೇ ಕಂಪನಿಯ ಒಂದಂಕಿ ದೊಡ್ಡ ಜೆಟ್ಟಿನಿಂದ ಆರಂಭಿಸಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದನ್ನು ಪುಸ್ತಕದಲ್ಲಿ ಬರೆದಿಡಬೇಕು. ಲೆಕ್ಕದಲ್ಲಿ ಎರಡು ತಪ್ಪು ಕೂಡಿ ಸರಿಯೆಂದು ತೋರುವಂತೆ ಇಲ್ಲಿಯೂ ತೋರಬಹುದು. ಬಳಿಕ ಸ್ವಲ್ಪ ದೂರ ಓಡಿಸಿ, ಎಂಜಿನ್ ಆರಿಸಿ, ಪ್ಲಗ್ ಬಿಚ್ಚಿ ನೋಡಬೇಕು: ತಿಳಿಗಂದು ಬಣ್ಣ ಸರಿ, ಬಿಳುಪು ತೆಳು ಮಿಶ್ರಣ, ಮಸಿಗಪ್ಪು ಅತಿ ಇಂಧನ.

ಅತಿ ಇಂಧನವೂ ನಿರಪಾಯವಲ್ಲ. ಅದು ಹೆಚ್ಚು ಕಾರ್ಬನ್ ಮಾನಾಕ್ಸೈಡನ್ನು ಹೊರಬಿಡುತ್ತದೆ. ಈ ಅನಿಲಕ್ಕೆ ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಅದರ ಮುನ್ಸೂಚನೆಗಳು. ಚಳಿಯೆಂದು ಗ್ಯಾರೇಜಿನ ಬಾಗಿಲು ಮುಚ್ಚಿ ಎಂಜಿನ್ ಪರೀಕ್ಷಿಸುವುದು ಸಲ್ಲದು. ವಾಹನವನ್ನು ಅಂಗಳಕ್ಕೆ ತಳ್ಳಿಕೊಂಡು ಬಂದು, ಆಮೇಲೆ ಕಿಕ್ ಹೊಡೆಯುವುದೇ ಈ ಕೆಲಸದ ಮೊದಲ ಪಾಠ.