ಕಟ್ಟಿನಿಂದ ಕಟ್ಟಿದ ಮೋಡ!

ಒಂದು ಒಗಟು ಹೇಳ್ತೀನಿ. ಕೆಳಗಿನ ಸಾಲಿಗೆ ಕಣ್ಣು ಹಾಯಿಸದೆ ಉತ್ತರ ಹೇಳಬೇಕು.

ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಈಗ ಒಂದು ಮೋಡ ಕೂತಿದೆ. ಅಚ್ಚ ಬಿಳುಪು. ತಿಂಡಿ ತಟ್ಟೆಯಷ್ಟು ಅಗಲ. ಬೆರಳಿನಿಂದ ತಟ್ಟಿದರೆ ಒಣಗಿದ ಸೋರೆಬುರುಡೆಯ ಹಾಗೆ ಟೊಕ್ ಟೊಕ್ ಅನ್ನುತ್ತದೆ. ಚಾಕು ಇಟ್ಟರೆ ಚರ್ರನೆ ಬಿರಿಯುತ್ತದೆ. ಚೂರು ಬಾಯಿಗೆ ಹಾಕಿಕೊಂಡರೆ? ಇಲ್ಲ! ಎಲ್ಲಿ ಹೋಯಿತು? ಅಗಿಯುವ ಮೊದಲೇ ಮಾಯ! ನಾಲಿಗೆಯ ಮೇಲೆ ಸಿಹಿಯೊಂದೇ ಉಳಿದಿದೆ.

ಇದರ ಹೆಸರು ಪಾವ್ಲೋವಾ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಕ್ರಿಸ್‌ಮಸ್ ಊಟಕ್ಕೆ ಕಳೆ ಕಟ್ಟುವ ಸಿಹಿ. ಅಲ್ಲಿ ಡಿಸೆಂಬರ್ ಅಂದರೆ ಸುಡು ಬೇಸಿಗೆ ನೋಡಿ, ತಣ್ಣನೆಯ ಕೆನೆ, ಹುಳಿಸಿಹಿ ಹಣ್ಣು ಹೊತ್ತ ಈ ಮೋಡಕ್ಕೆ ಅಲ್ಲಿನವರು ಮುಗಿಬೀಳುತ್ತಾರೆ.

ಮಾಡುವುದು ಹೇಗೆ? ನಾಲ್ಕೈದು ಮೊಟ್ಟೆ ಒಡೆದು, ಬಿಳಿಯನ್ನಷ್ಟೇ ತೆಗೆದು, ಸಕ್ಕರೆ ಹಾಕಿ ನೊರೆ ಗಟ್ಟಿಯಾಗುವವರೆಗೆ ಕಡೆದು...

ತಾಳಿ! ನಮ್ಮ ಮನೆಯೊಳಗೆ ಮೊಟ್ಟೆ ಬಂದೇ ಇಲ್ಲ. ಅತ್ತೆ ಇರುವ ಮನೆ ಇದು. ಮಡಿ, ಮೈಲಿಗೆ ಎಲ್ಲ ನಡೆಯುವ ಮನೆ.

ಹಾಗಾದರೆ ಈ ಮೋಡ ಎಲ್ಲಿಂದ ಬಂತು? ಹಾಲಿನಿಂದಲೇ? ಅಲ್ಲ. ಕೆನೆಯಿಂದ? ಅಲ್ಲ. ಅಂಗಡಿಯಲ್ಲಿ ಸಿಗುವ ಯಾವುದೋ ಪುಡಿಯಿಂದ? ಅಲ್ಲವೇ ಅಲ್ಲ!

ಒಂದು ಸುಳಿವು ಕೊಡಲೇ? ಹೋದ ವಾರ ಅದು ನಿಮ್ಮ ಮನೆಯ ಸಿಂಕಿನಲ್ಲೂ ಹರಿದು ಹೋಗಿರಬಹುದು.

ಸೋತಿರಾ? ಕೇಳಿ ಮತ್ತೆ. ಕಾಬೂಲಿ ಕಡಲೆ ಬೇಯಿಸಿದ ನೀರು! ಹೌದು, ಛೋಲೆಗೆ ಬೇಯಿಸಿ, ಬಸಿದು, ಚೆಲ್ಲುವ ಅದೇ ಮಾಸಲು ಹಳದಿ ನೀರು!

ನಾನೂ ನಂಬಲಿಲ್ಲ. ಓದಿದಾಗ ಎರಡು ಸಲ ಓದಿದೆ. ಆಮೇಲೆ ಎದ್ದು ಹೋಗಿ ಒಂದು ಪಾವು ಕಡಲೆ ನೆನೆಹಾಕಿದೆ.

ಇದನ್ನು ಕಂಡುಹಿಡಿದವರು ಯಾರಿರಬಹುದು? ದೊಡ್ಡ ಬಾಣಸಿಗ? ಆಹಾರ ವಿಜ್ಞಾನಿ? ತಪ್ಪು! ಒಬ್ಬ ಗಾಯಕ! ಫ್ರಾನ್ಸಿನ ಜೋಯೆಲ್ ರೊಯೆಸೆಲ್. ಮೊಟ್ಟೆಯಿಲ್ಲದೆ ನೊರೆ ಎಬ್ಬಿಸಲು ಹೊರಟ ಈತ, ಡಬ್ಬದ ಕಡಲೆಯ ನೀರು ಮೊಟ್ಟೆಯ ಬಿಳಿಯಂತೆ ಉಬ್ಬುವುದನ್ನು 2014ರಲ್ಲಿ ಕಂಡ. ಮರುವರ್ಷವೇ ಅಮೆರಿಕದ ಸಾಫ್ಟ್‌ವೇರ್ ಎಂಜಿನಿಯರ್ ಗೂಸ್ ವೋಲ್ಟ್ ಇನ್ನೊಂದು ಹೆಜ್ಜೆ ಮುಂದಿಟ್ಟ. ಕಡಲೆ ನೀರು, ಸಕ್ಕರೆ. ಇವೆರಡೇ ಸಾಕು, ಮೊಟ್ಟೆಯ ನೊರೆಗೆ ಸರಿಸಾಟಿಯಾದ ನೊರೆ ನಿಲ್ಲುತ್ತದೆ ಎಂದು ತೋರಿಸಿದ. ಹೆಸರನ್ನೂ ಇಟ್ಟ: ಅಕ್ವಾಫಾಬಾ. ಲ್ಯಾಟಿನ್‌ನಲ್ಲಿ ಅಕ್ವಾ ಅಂದರೆ ನೀರು, ಫಾಬಾ ಅಂದರೆ ಅವರೆಯ ಜಾತಿಯ ಕಾಳು.

2014! ಮೊನ್ನೆ ಮೊನ್ನೆ! ಮನುಷ್ಯ ಸಾವಿರಾರು ವರ್ಷಗಳಿಂದ ಕಡಲೆ ಬೇಯಿಸುತ್ತಿದ್ದಾನೆ. ಆ ನೀರೊಳಗೆ ಮೋಡ ಅಡಗಿರುವುದು ತಿಳಿದದ್ದು ಮೊನ್ನೆ!

ಈಗ ನನಗೆ ರೋಮಾಂಚನವಾದ ಗಳಿಗೆ. ಬಸಿದ ನೀರಿನ ಬಟ್ಟಲು ಹಿಡಿದು ನಿಂತಿದ್ದೆ. ಅತ್ತೆ ಬಂದರು.

"ಕಟ್ಟು ಚೆಲ್ಲಬೇಡ ಕಣೇ, ಸಾರಿಗಾಗತ್ತೆ."

ಕಟ್ಟು! ನಿಂತಲ್ಲೇ ನಿಂತುಬಿಟ್ಟೆ. ಬೇಳೆಕಾಳು ಬೇಯಿಸಿ ಬಸಿದ ನೀರಿಗೆ ನಮ್ಮಲ್ಲಿ ಹೆಸರಿದೆಯಲ್ಲ! ಹೋಳಿಗೆ ಮಾಡಿದ ದಿನ ಬೇಳೆ ಬಸಿದ ಕಟ್ಟಿನ ಸಾರು ಉಂಡಿಲ್ಲವೇ ನೀವು? ಹುರುಳಿ ಕಟ್ಟು ಕುಡಿದಿಲ್ಲವೇ? ಬಸ್ಸಾರು ಸುರಿದುಕೊಂಡು ಮುದ್ದೆ ನುಂಗಿಲ್ಲವೇ? ಜಗತ್ತು 2015ರಲ್ಲಿ ಲ್ಯಾಟಿನ್ ಪದ ಜೋಡಿಸಿ ಹೆಸರಿಟ್ಟ ವಸ್ತುವಿಗೆ ನಮ್ಮ ಅಜ್ಜಿಯರು ಎರಡಕ್ಷರದ ಹೆಸರಿಟ್ಟು, ಒಗ್ಗರಣೆಯನ್ನೂ ಹಾಕಿ ಮುಗಿಸಿದ್ದರು!

"ಅತ್ತೆ, ಇವತ್ತು ಒಂದು ದಿನ ಸಾರು ಬೇಡ. ಇದರಲ್ಲಿ ಒಂದು ಸಿಹಿ ಮಾಡ್ತೀನಿ, ನೋಡ್ತಿರಿ" ಅಂದೆ.

"ಕಡಲೆ ಕಟ್ಟಲ್ಲಿ ಸಿಹಿಯೇ?"

ಅವರ ಮುಖ ನೀವು ನೋಡಬೇಕಿತ್ತು.

ಮೊದಲ ಸಲ ಕೆಟ್ಟಿತು, ಅದನ್ನೂ ಹೇಳಿಬಿಡುತ್ತೇನೆ. ಕಟ್ಟು ತೀರಾ ನೀರಾಗಿತ್ತು. ನೊರೆ ಬಂತು, ಬಂದ ಹಾಗೇ ಇಳಿಯಿತು. ಸಾಲದ್ದಕ್ಕೆ ಅವಸರಕ್ಕೆ ಓವನ್ನನ್ನು 140 ಡಿಗ್ರಿಗೆ ತಿರುಗಿಸಿದ್ದೆ. ಅರ್ಧ ಗಂಟೆಯಲ್ಲಿ ಟ್ರೇ ತುಂಬ ಅಂಟುಪಾಕ! ಅಲ್ಲೇ ಕಲಿತೆ: ಈ ಸಿಹಿಯ ಗುಟ್ಟೆಲ್ಲ ಕಟ್ಟಿನ ಹದದಲ್ಲಿದೆ, ಉಳಿದದ್ದು ಸಣ್ಣ ಉರಿಯಲ್ಲಿ.

ಎರಡನೇ ಸಲಕ್ಕೆ ಮಾಡಿದ್ದು ಹೀಗೆ. ಕಡಲೆ ರಾತ್ರಿಯಿಡೀ ನೆನೆಯಿತು. ನೆನೆಸಿದ ನೀರು ಚೆಲ್ಲಿ, ಹೊಸ ನೀರು ಹಾಕಿ, ಉಪ್ಪು ಹಾಕದೆ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿದೆ. ಬೆಂದ ಮೇಲೂ ಬಸಿಯಲಿಲ್ಲ, ಕಾಳು ತನ್ನ ನೀರಿನಲ್ಲೇ ಆರಿತು. ಆಮೇಲೆ ಬಸಿದು, ಆ ಕಟ್ಟನ್ನು ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಂಗಿಸಿದೆ. ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ಚಮಚ ಅದ್ದಿ ಎತ್ತಿದರೆ ಲೋಳೆಸರದ ತಿರುಳಿನ ಹಾಗೆ ಎಳೆಎಳೆಯಾಗಿ ಇಳಿಯುತ್ತಿದೆ! ಇದೇ ಹದ! ಇದೇ!

ಅರ್ಧ ಕಪ್ಪು ಅಳೆದು ಬೋಗುಣಿಗೆ ಸುರಿದೆ. ನಾಲ್ಕು ಹನಿ ನಿಂಬೆರಸ. ಬೀಟರ್ ಚಾಲೂ.

ಒಂದು ನಿಮಿಷ. ಸೋಪಿನ ನೊರೆಯಂಥ ದೊಡ್ಡ ಗುಳ್ಳೆಗಳು. ಮೂರು ನಿಮಿಷ. ಗುಳ್ಳೆ ಸಣ್ಣದಾಯಿತು, ಹಳದಿ ಬಣ್ಣ ಎಲ್ಲೋ ಹೋಯಿತು! ಐದು ನಿಮಿಷ. ಬೆಳ್ಳಗೆ, ಈಗ ತಾನೇ ಕರೆದ ಹಾಲಿನ ನೊರೆಯ ಹಾಗೆ! ಆಗ ಸಕ್ಕರೆ. ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿದ 150 ಗ್ರಾಂ ಸಕ್ಕರೆ, ಒಂದೊಂದೇ ಚಮಚ. ಆತುರಪಟ್ಟರೆ ಕೆಟ್ಟಿತು.

ಹನ್ನೆರಡನೇ ನಿಮಿಷಕ್ಕೆ ಬೀಟರ್ ಎತ್ತಿದೆ. ನೊರೆ ಗೋಪುರದ ಹಾಗೆ ಎದ್ದು ನಿಂತಿತು. ತುದಿಯೂ ಬಾಗಲಿಲ್ಲ! ಹೊಳಪು ನೋಡಬೇಕು, ರೇಷ್ಮೆ! ಚಿಟಿಕೆ ನೊರೆಯನ್ನು ಎರಡು ಬೆರಳ ನಡುವೆ ತೀಡಿದೆ. ಸಕ್ಕರೆಯ ಒಂದು ಕಣವೂ ತಾಕಲಿಲ್ಲ.

ಆಗ ಅತ್ತೆಯನ್ನು ಕರೆದೆ. ಅವರ ಎದುರಿಗೇ ಬೋಗುಣಿಯನ್ನು ಬೋರಲು ಹಾಕಿದೆ.

"ಅಯ್ಯಯ್ಯೋ!" ಅಂತ ಸೆರಗು ಹಿಡಿದುಕೊಂಡರು.

ಒಂದು ಹನಿ ಬೀಳಲಿಲ್ಲ! ಅಂಟಿಕೊಂಡು ನಿಂತುಬಿಟ್ಟಿದೆ, ಮಿಸುಕುತ್ತಿಲ್ಲ!

ಅರ್ಧ ಕಪ್ಪು ಕಟ್ಟು ಎಷ್ಟು ಕಪ್ಪು ನೊರೆಯಾಗಿತ್ತು, ಊಹಿಸಿ. ಒಂದು? ಎರಡು? ಅಳೆದೆ. ಮೂರೂವರೆ! ಏಳು ಪಟ್ಟು!

ನೀರು ಹೀಗೆ ನಿಂತದ್ದು ಹೇಗೆ? ಇದಕ್ಕೆ ಉತ್ತರ ನಿಮ್ಮ ಬಚ್ಚಲಮನೆಯಲ್ಲಿದೆ ಅಂದರೆ ನಂಬುತ್ತೀರಾ?

ಅಂಟುವಾಳ ನೆನಪಿದೆಯೇ? ಸೀಗೆಪುಡಿ? ಅವನ್ನು ನೀರಿಗೆ ಹಾಕಿ ಕದಡಿದರೆ ನೊರೆ ಬರುತ್ತದಲ್ಲ, ಆ ನೊರೆ ಎಬ್ಬಿಸುವ ವಸ್ತುವಿನ ಹೆಸರು ಸಪೋನಿನ್. ಕಡಲೆಯಲ್ಲೂ ಅದೇ ಬಳಗದ ಸಪೋನಿನ್ ಚೂರು ಇದೆ! ಬೇಳೆ ಬೇಯುವಾಗ ಮೇಲೆ ಉಕ್ಕುವ ನೊರೆಯನ್ನು ಸೌಟಿನಲ್ಲಿ ತೆಗೆದು ಹಾಕುತ್ತೇವಲ್ಲ, ಅಲ್ಲೂ ಅದರ ಕೈವಾಡವಿದೆ. ಕಡಲೆ ಬೇಯುವಾಗ ಸಪೋನಿನ್ ಜೊತೆಗೆ ಪ್ರೋಟೀನು, ಒಂದಷ್ಟು ಪಿಷ್ಟ ನೀರಿಗೆ ಇಳಿಯುತ್ತವೆ. ಬೀಟರ್ ಗಾಳಿಯನ್ನು ನುಗ್ಗಿಸುತ್ತದೆ. ಪ್ರೋಟೀನೂ ಸಪೋನಿನ್ನೂ ಪ್ರತಿ ಗುಳ್ಳೆಗೂ ತೆಳ್ಳನೆಯ ಅಂಗಿ ತೊಡಿಸುತ್ತವೆ. ಪಿಷ್ಟ ಆ ನೀರನ್ನು ಮಂದವಾಗಿಸುತ್ತದೆ, ಸಕ್ಕರೆ ಕರಗಿ ಇನ್ನಷ್ಟು ಮಂದವಾಗಿಸುತ್ತದೆ. ಮಂದ ನೀರು ಬೇಗ ಇಳಿಯಲಾರದು. ಗುಳ್ಳೆ ಒಡೆಯಲಾರದು!

ಆ ಕಟ್ಟಿನಲ್ಲಿ ನೂರಕ್ಕೆ 95ರ ಆಸುಪಾಸು ಬರೀ ನೀರೇ. ಇಷ್ಟೆಲ್ಲ ಚಮತ್ಕಾರ ಮಿಕ್ಕ ಐದರದ್ದು!

ಇನ್ನೊಂದು ಸೋಜಿಗ. ಮೊಟ್ಟೆಯ ಬಿಳಿಯನ್ನು ಹದ ಮೀರಿ ಕಡೆದರೆ ಒಡೆದು ನೀರು ಬಿಡುತ್ತದೆ. ಕಟ್ಟಿಗೆ ಆ ಭಯ ಇಲ್ಲವೆಂದೇ ಹೇಳಬೇಕು. ನಡುವೆ ಕೊರಿಯರ್ ಹುಡುಗ ಬಾಗಿಲು ತಟ್ಟಿದ, ಸಹಿ ಹಾಕಿ ಬಂದು ಮತ್ತೆ ಕಡೆದೆ. ಏನೂ ಆಗಲಿಲ್ಲ!

ಆದರೆ ಉರಿಯ ವಿಷಯದಲ್ಲಿ ಇದು ಬಲು ನಾಜೂಕು. ಮೊಟ್ಟೆಯ ಪ್ರೋಟೀನು ಬಿಸಿಗೆ ಬೆಂದು ಗಟ್ಟಿಯಾಗಿ ಗುಳ್ಳೆಯನ್ನು ಹಿಡಿದಿಡುತ್ತದೆ. ಒಮ್ಮೆ ಬೆಂದ ಕಟ್ಟು ಹಾಗೆ ಗಟ್ಟಿಯಾಗದು. ಇದನ್ನು ಬೇಯಿಸುವುದಲ್ಲ, ಒಣಗಿಸುವುದು. ಸಂಡಿಗೆ ಒಣಗಿಸಿದ ಹಾಗೆ! 100 ಡಿಗ್ರಿ, ಎರಡು ಗಂಟೆ. ಆಮೇಲೆ ಓವನ್ ಆರಿಸಿ, ಬಾಗಿಲು ತೆಗೆಯದೆ, ಬೆಳಗಿನವರೆಗೆ ಬಿಡಬೇಕು.

ಬಾಗಿಲು ತೆಗೆಯದೆ! ಆ ರಾತ್ರಿ ನಾಲ್ಕು ಸಲ ಎದ್ದು ಹೋಗಿ ಗಾಜಿಗೆ ಮೂಗು ಆನಿಸಿ ನೋಡಿದ್ದೇನೆ.

ಕಡಲೆ ವಾಸನೆ? ಕೇಳೇ ಕೇಳುತ್ತೀರೆಂದು ಗೊತ್ತಿತ್ತು. ಕಡೆಯುವಾಗ ಇತ್ತು, ಚೆನ್ನಾಗಿಯೇ ಇತ್ತು. ವೆನಿಲಾ ಬಿದ್ದಾಗ ಅರ್ಧ ಅಡಗಿತು. ಬೆಳಿಗ್ಗೆ ಓವನ್ ಬಾಗಿಲು ತೆರೆದರೆ ಬತ್ತಾಸಿನ ಘಮ! ಕಡಲೆಯ ಸುಳಿವೇ ಇಲ್ಲ!

ತಕ್ಕಡಿಯ ಮೇಲಿಟ್ಟೆ. ಅಷ್ಟಗಲದ, ನಾಲ್ಕು ಬೆರಳು ಎತ್ತರದ ಆ ಮೋಡ ಎಷ್ಟು ತೂಗಿತು ಹೇಳಿ. ಅರ್ಧ ಕಿಲೋ? ಕಾಲು ಕಿಲೋ?

152 ಗ್ರಾಂ!

ಹಾಕಿದ ಸಕ್ಕರೆಯೇ 150. ನೀರೆಲ್ಲ ಆವಿಯಾಗಿ ಹೋಗಿದೆ. ಕಣ್ಣಿಗೆ ಕಾಣುವುದು ಸಕ್ಕರೆಯ ತೆಳುಪೊರೆ, ಅದರೊಳಗೆಲ್ಲ ಗಾಳಿ! ಗಾಳಿಯನ್ನು ಹೋಳು ಮಾಡಿ ಬಡಿಸುವುದಕ್ಕೆ ಹೊರಟಿದ್ದೆ ನಾನು!

ಇಂಥ ಹಗುರಕ್ಕೆ ಯಾರ ಹೆಸರಿಟ್ಟಿದ್ದಾರೆ ಗೊತ್ತೇ? ಅನ್ನಾ ಪಾವ್ಲೋವಾ! ರಷ್ಯಾದ ಬ್ಯಾಲೆ ನರ್ತಕಿ, ಸಾಯುವ ಹಂಸವಾಗಿ ರಂಗದ ಮೇಲೆ ತೇಲಿದಾಕೆ. 1926ರಲ್ಲಿ ಆಕೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎರಡಕ್ಕೂ ಹೋಗಿದ್ದಳು. ಅವಳ ಹೆಸರಿನ ಸಿಹಿ ಮೊದಲು ಮಾಡಿದವರು ನಾವು ಎಂದು ಎರಡೂ ದೇಶಗಳು ಇಂದಿಗೂ ಜಗಳವಾಡುತ್ತವೆ. ನ್ಯೂಜಿಲೆಂಡಿನ ವಿದ್ವಾಂಸೆ ಹೆಲೆನ್ ಲೀಚ್ ಈ ಜಗಳದ ಬೆನ್ನು ಹತ್ತಿ ಎಷ್ಟು ಪಾವ್ಲೋವಾ ಪಾಕವಿಧಾನ ಕಲೆಹಾಕಿದರು ಗೊತ್ತೇ? 667! ಒಂದು ಸಿಹಿಗೆ!

ಭಾರತಕ್ಕೂ ಬಂದಿದ್ದಳು ಅನ್ನಾ. ಮುಂದೆ ಕಲಾಕ್ಷೇತ್ರ ಕಟ್ಟಿದ ರುಕ್ಮಿಣಿದೇವಿ ಅರುಂಡೇಲ್ ಅವರಿಗೆ, ನಿನ್ನ ನಾಡಿನ ನೃತ್ಯದ ಕಡೆ ನೋಡು ಎಂಬ ದಾರಿ ತೋರಿದವರಲ್ಲಿ ಆಕೆಯೂ ಒಬ್ಬಳು. ನಮ್ಮ ಭರತನಾಟ್ಯದ ಕಥೆಯಲ್ಲಿ ಬರುವ ಹೆಣ್ಣುಮಗಳು ನನ್ನ ಓವನ್ನಿನಲ್ಲಿ!

ಸರಿ, ಮೋಡಕ್ಕೆ ಬರೋಣ. ಮೇಲಿನ ಹೊದಿಕೆ ಚಾಕುವಿಗೆ ಸಿಕ್ಕಿದ್ದೇ ಕುಸಿಯಿತು. ಒಳಗೆ ಗುಹೆ! ಮೊಟ್ಟೆಯ ಪಾವ್ಲೋವಾದ ಒಳಗೆ ಮೆತ್ತನೆಯ ತಿರುಳು ಉಳಿಯುತ್ತದೆ, ಕಟ್ಟಿನದು ಟೊಳ್ಳು. ನನಗೆ ಬೇಸರವಾಗಲಿಲ್ಲ. ಗುಹೆ ಇದ್ದರೆ ಕೆನೆ ತುಂಬಲು ಜಾಗ ಇದ್ದ ಹಾಗೆ! ಮೇಲೆ ಪ್ಯಾಶನ್ ಫ್ರೂಟ್ ಸುರಿದೆ. ಆಸ್ಟ್ರೇಲಿಯಾದವರ ಅಚ್ಚುಮೆಚ್ಚಿನ ಅಲಂಕಾರ ಅದು, ನಮ್ಮ ಕೊಡಗಿನ ಬೇಲಿಗಳ ಮೇಲೂ ಹಬ್ಬುವ ಬಳ್ಳಿ. ಆ ಹುಳಿ ತಗುಲದೆ ಈ ಸಿಹಿ ಪೂರ್ತಿಯಾಗುವುದಿಲ್ಲ. ಎರಡು ಹಣ್ಣು ಹಾಕಿ ಅಂದರೆ ನಾನು ನಾಲ್ಕು ಹಾಕುತ್ತೇನೆ.

ಕೆನೆ ಬಿದ್ದ ಮೇಲೆ ಕಾಯಬೇಡಿ. ಒದ್ದೆ ಅಂದರೆ ಇದಕ್ಕೆ ಆಗದು. ಮಳೆಗಾಲದ ಗಾಳಿಯಲ್ಲಿ ಬಿಟ್ಟರೆ ತಾನಾಗಿ ತೇವ ಹೀರಿ ಅಂಟಂಟಾಗುತ್ತದೆ. ಬಿಸಿಲಿದ್ದ ದಿನ ಮಾಡಿ, ಓವನ್ನಿನಿಂದ ತೆಗೆದ ದಿನವೇ ತಿನ್ನಿ.

ಅತ್ತೆಗೆ ಮೊದಲ ಹೋಳು. ಚಮಚ ಇಟ್ಟರು, ಚರ್ರ್! ಬಾಯಿಗೆ ಹಾಕಿಕೊಂಡರು. ಒಂದು ಗಳಿಗೆ ಸುಮ್ಮನಿದ್ದರು.

"ಕರಗಿಹೋಯ್ತಲ್ಲೇ!"

ಇನ್ನೊಂದು ಚಮಚ. ಮತ್ತೊಂದು. ಕೊನೆಗೆ ತಟ್ಟೆಯಂಚಿನ ಬಿಳಿ ಚೂರುಗಳನ್ನು ಬೆರಳಿಗೆ ಅಂಟಿಸಿಕೊಂಡು ತಿಂದರು, ನನ್ನ ಮಗಳು ತಿನ್ನುವ ಹಾಗೇ.

ಇವತ್ತು ಬೆಳಿಗ್ಗೆ ಫ್ರಿಜ್ ತೆಗೆದರೆ ಮೊಸರಿನ ಪಾತ್ರೆಯ ಹಿಂದೆ ತಟ್ಟೆ ಮುಚ್ಚಿದ ಬಟ್ಟಲೊಂದು. ಒಳಗೆ ಕಂದು ನೀರು, ಇಂಗಿಸಿ ಮಂದ ಮಾಡಿದ್ದು.

"ಹುರುಳಿ ಕಟ್ಟು" ಅಂದರು ಅತ್ತೆ, ದೇವರಮನೆಯಿಂದಲೇ. "ಅದೂ ಉಬ್ಬತ್ತೇನೋ ನೋಡು. ನಾ ಬರೋವರೆಗೂ ಬೀಟರ್ ಹಾಕಬೇಡ!"