ಹಿರಿಯರು ಬಿದ್ದಾಗ ‘ಏನೂ ಆಗಿಲ್ಲ’ ಎನ್ನದಿರೋಣ

ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದ ಅಜ್ಜಿ ತಾವೇ ಎದ್ದು ಕುಳಿತು, ‘ಏನೂ ಆಗಿಲ್ಲ, ಗಾಬರಿಯಾಗಬೇಡಿ’ ಎನ್ನುತ್ತಾರೆ. ಮನೆಯವರು ತಲೆಯ ಬುಗುಟಿಗೆ ಎಣ್ಣೆ ಸವರಿ ಸುಮ್ಮನಾಗುತ್ತಾರೆ. ಆದರೆ ಆ ಅಜ್ಜಿ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಮಾತ್ರೆ ಸೇವಿಸುವವರಾಗಿದ್ದರೆ, ಈ ಉಪೇಕ್ಷೆಯೇ ಪ್ರಾಣಕ್ಕೆ ಎರವಾದೀತೆಂಬುದನ್ನು ನಾವು ಅರಿತಿರಬೇಕು.

ಹೃದಯದ ಕವಾಟ ಬದಲಿಸಿಕೊಂಡವರಿಗೆ, ಹೃದಯಬಡಿತದ ಲಯ ತಪ್ಪಿದವರಿಗೆ, ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದವರಿಗೆ ವೈದ್ಯರು ಇಂಥ ಔಷಧಿ ಕೊಡುತ್ತಾರೆ. ಇವುಗಳಲ್ಲಿ ಹಳೆಯದಾದ ವಾರ್ಫರಿನ್ 1948ರಲ್ಲಿ ಅಮೆರಿಕದಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂದು, 1954ರಲ್ಲಿ ಮನುಷ್ಯರ ಚಿಕಿತ್ಸೆಗೆ ಅನುಮತಿ ಪಡೆಯಿತು. ಅಂದಿನಿಂದ ಅದು ಅಸಂಖ್ಯ ಜೀವಗಳನ್ನು ಪಾರ್ಶ್ವವಾಯುವಿನಿಂದ ಕಾಪಾಡಿದೆ. ಅಸಿನೊಕೌಮರಾಲ್, ಡಬಿಗಾಟ್ರಾನ್, ಅಪಿಕ್ಸಬಾನ್ ಇದೇ ಉದ್ದೇಶದವು.

ವೃದ್ಧಾಪ್ಯದಲ್ಲಿ ಮೆದುಳು ಕೊಂಚ ಕುಗ್ಗುವುದರಿಂದ ಅದರ ಹೊರಗಿನ ಸೂಕ್ಷ್ಮ ರಕ್ತನಾಳಗಳು ಎಳೆದಂತಿರುತ್ತವೆ. ಸಣ್ಣ ಪೆಟ್ಟಿಗೂ ಅವು ಹರಿಯಬಹುದು. ತಲೆಬುರುಡೆಯೊಳಗೆ ತೆರವಿರುವ ಕಾರಣ, ರಕ್ತ ಒಸರುತ್ತಿದ್ದರೂ ಕೆಲವು ಗಂಟೆ, ಕೆಲವೊಮ್ಮೆ ಕೆಲವು ದಿನ ಲಕ್ಷಣವೇ ಕಾಣದು. ಆದ್ದರಿಂದ ಇಂಥವರ ತಲೆಗೆ ಪೆಟ್ಟಾದರೆ ನೋವು ಇಲ್ಲದಿದ್ದರೂ ಸಿ.ಟಿ. ಸ್ಕ್ಯಾನ್ ಸೌಲಭ್ಯವುಳ್ಳ ಆಸ್ಪತ್ರೆಗೆ ತಡಮಾಡದೆ ಒಯ್ಯುವುದು ಲೇಸು. ಮಂಪರು, ವಾಂತಿ, ತಡವರಿಸುವ ಮಾತು, ಹೆಚ್ಚುವ ತಲೆನೋವು ಕಂಡರಂತೂ ಕ್ಷಣವೂ ಕಾಯದೆ 108ಕ್ಕೆ ಕರೆ ಮಾಡಬೇಕು.

ಗಾಯದಿಂದ ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಕನಿಷ್ಠ 10 ನಿಮಿಷ, ನಡುನಡುವೆ ಎತ್ತಿ ನೋಡದೆ, ಒತ್ತಿ ಹಿಡಿಯಬೇಕು. ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ಕೊಡಕೂಡದು. ಮಾತ್ರೆಯ ಹೆಸರು, ಪ್ರಮಾಣ, ಕೊನೆಯ ಬಾರಿ ನುಂಗಿದ ಹೊತ್ತು, ಇವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಏಕೆಂದರೆ ಪ್ರತಿಮದ್ದು ಒಂದೇ ಅಲ್ಲ. ವಾರ್ಫರಿನ್‌ಗೆ ವಿಟಮಿನ್ ಕೆ ಉಂಟು. ಆದರೆ ಅದರ ಪರಿಣಾಮಕ್ಕೆ ಗಂಟೆಗಳೇ ಬೇಕಾದ್ದರಿಂದ, ತೀವ್ರ ರಕ್ತಸ್ರಾವದಲ್ಲಿ ಹೆಪ್ಪುಗಟ್ಟಿಸುವ ಅಂಶಗಳನ್ನೇ ರಕ್ತನಾಳಕ್ಕೆ ಕೊಡುತ್ತಾರೆ. ಡಬಿಗಾಟ್ರಾನ್‌ಗೆ 2015ರಲ್ಲಿ ಬಂದ ಇಡರುಸಿಝುಮಾಬ್ ಬೇರೆಯೇ ಮದ್ದು.

ಇಷ್ಟು ಓದಿ ಹೆದರಿ, ಮಾತ್ರೆಯನ್ನೇ ನಿಲ್ಲಿಸಿದರೆ ಅದು ಇನ್ನೊಂದು ಅನಾಹುತ. ಪೆಟ್ಟಾದಾಗ ಮುಂದಿನ ಮಾತ್ರೆ ಕೊಡುವ ಮುನ್ನ ವೈದ್ಯರನ್ನು ಕೇಳಬೇಕು. ಉಳಿದ ದಿನಗಳಲ್ಲಿ ತಪ್ಪದೆ ಕೊಡಬೇಕು.

ಬಚ್ಚಲಿನ ಗೋಡೆಗೊಂದು ಹಿಡಿಕೆ, ರಾತ್ರಿ ನಡೆದಾಡುವ ದಾರಿಗೊಂದು ಸಣ್ಣ ದೀಪ, ಹಿರಿಯರ ಜೇಬಿನಲ್ಲಿ ಮಾತ್ರೆಯ ವಿವರ ಬರೆದ ಒಂದು ಚೀಟಿ: ಇವು ದೊಡ್ಡ ವೆಚ್ಚದವಲ್ಲ. ನಮಗೆ ತೊಂದರೆಯಾಗಬಾರದೆಂದೇ ಹಿರಿಯರು ‘ಏನೂ ಆಗಿಲ್ಲ’ ಎನ್ನುತ್ತಾರೆ. ಆ ಮಾತನ್ನು ಪೂರ್ತಿ ನಂಬದಿರುವುದೇ ಅವರಿಗೆ ನಾವು ತೋರುವ ಅಕ್ಕರೆ.